ಕಡಗ ತೊಟ್ಟ ಭಾವನವರು

ಪತ್ರ: ಟಿ.ವಿ. ಜಾಹೀರಾತಿನ ಸಾಮಾನುಗಳನ್ನೆಲ್ಲ ನೀವು ಮೋಸ ಎನ್ನುತ್ತೀರಿ. ಅಮೆರಿಕದಲ್ಲಿರುವ ನಮ್ಮ ಭಾವನವರು ಹಿಂದೆ ಟಿ.ವಿ. ನೋಡಿ, ನೋವು ಕಳೆಯುತ್ತದೆಂದು ಮಾರುತ್ತಿದ್ದ ಕ್ಯೂ-ರೇ ಎಂಬ ಕಡಗ ತರಿಸಿದ್ದರು. ಮೊಣಕೈ ನೋವು ಹೋಯಿತು, ಗಾಲ್ಫ್ ಆಟವೂ ಸುಧಾರಿಸಿತು. ಅನುಭವಕ್ಕಿಂತ ದೊಡ್ಡ ಪ್ರಮಾಣ ಯಾವುದು?
– ಓದುಗರೊಬ್ಬರು, ಮೈಸೂರು

ಉತ್ತರ: ನೋವು ಹೋದದ್ದು ಸಂತೋಷ. ಭಾವನವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಖಂಡಿತ ಅನ್ನುವುದಿಲ್ಲ. ಆದರೆ ತಾಯಿ, ಅವರು ಕಡಗ ತರಿಸಿದ್ದು ಯಾವಾಗ? ನೋವು ವಿಪರೀತವಾಗಿ, ಹೊಡೆದ ಚೆಂಡೆಲ್ಲ ಪೊದೆ ಸೇರುತ್ತಿದ್ದಾಗ ತಾನೇ? ಚೆನ್ನಾಗಿ ಆಡುತ್ತಿರುವವನು ನಡುರಾತ್ರಿ ಟಿ.ವಿ. ಮುಂದೆ ಕ್ರೆಡಿಟ್ ಕಾರ್ಡ್ ಹಿಡಿದು ಕೂರುವುದಿಲ್ಲ. ಅಧ್ವಾನದ ವಾರ ಕಳೆದ ಮೇಲೆ ಆಟ ತಾನಾಗಿಯೇ ಕೊಂಚ ಚೇತರಿಸಿಕೊಳ್ಳುತ್ತದೆ. ಕೀರ್ತಿ ಮಾತ್ರ ಕಡಗಕ್ಕೆ.

ಅಮೆರಿಕದ ಹೆಸರಾಂತ ಆಸ್ಪತ್ರೆ ಮೇಯೊ ಕ್ಲಿನಿಕ್‌ನವರು ಈ ಕಡಗವನ್ನೂ ಹಾಗೆಯೇ ಕಾಣುವ ನಕಲಿಯನ್ನೂ ಜನರಿಗೆ ತೊಡಿಸಿ ನೋಡಿದ್ದರು. ನೋವು ಎರಡರಲ್ಲೂ ಒಂದೇ ಸಮ ಇಳಿದಿತ್ತು. ಮಾರಿದವರ ಮೇಲೆ 2003ರಲ್ಲಿ ಅಲ್ಲಿನ ಗ್ರಾಹಕ ರಕ್ಷಣೆಯ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ದಾವೆ ಹೂಡಿತು. 2008ರ ಮೇಲ್ಮನವಿ ತೀರ್ಪಿನಲ್ಲಿ ನ್ಯಾಯಮೂರ್ತಿ ಫ್ರಾಂಕ್ ಈಸ್ಟರ್‌ಬ್ರೂಕ್, ಮಾರಿದವರು ಹದಿನೇಳನೆಯ ಆಯಾಮದ ಜೀವಿಗಳು ರಾತ್ರಿ ಬಂದು ಹೊತ್ತೊಯ್ದು ನೋವು ವಾಸಿಮಾಡುತ್ತವೆ ಎಂದಿದ್ದರೂ ಆಗುತ್ತಿತ್ತು ಎಂದು ಗೇಲಿ ಮಾಡಿದರು. ಸಕ್ಕರೆ ಗುಳಿಗೆಯಿಂದಲೂ ಸಿಗುವ ಉಪಶಮನಕ್ಕೆ 200 ಡಾಲರ್ ಕೀಳುವುದು ವಂಚನೆಯೇ ಎಂದೂ ಬರೆದರು. ನಿಮ್ಮ ಪ್ರಶ್ನೆಗೆ ಇಷ್ಟು ಚೊಕ್ಕ ಉತ್ತರ ನನ್ನಿಂದ ಬರದು.

ಹೋಗಲಿ ಬಿಡಿ, ಕಾಸಿದ್ದವರ ಶೋಕಿ ಎನ್ನುವಿರೇನೋ. ಆದರೆ ಇದೇ ಬಗೆಯ ನಂಬಿಕೆ ಜೀವಕ್ಕೂ ಎರವಾದೀತು. ಕಳೆದುಹೋದ ಗಾಲ್ಫ್ ಚೆಂಡನ್ನು ಹುಡುಕಿಕೊಡುತ್ತದೆಂದು ಮಾರುತ್ತಿದ್ದ ಆಟಿಕೆಯೊಂದಿತ್ತು: ಪ್ಲಾಸ್ಟಿಕ್ ಹಿಡಿ, ಅದಕ್ಕೆ ಸಡಿಲವಾಗಿ ಸಿಕ್ಕಿಸಿದ ಆಂಟೆನಾ. ಬ್ಯಾಟರಿಯಿಲ್ಲ. ಕೈ ಎತ್ತ ವಾಲಿದರೆ ಕಡ್ಡಿ ಅತ್ತ. ಬೆಲೆ 20 ಡಾಲರ್‌ಗೂ ಕಡಿಮೆ. ಬ್ರಿಟನ್ನಿನ ಜೇಮ್ಸ್ ಮೆಕಾರ್ಮಿಕ್ ಇದನ್ನೇ ಬಾಂಬ್ ಪತ್ತೆ ಯಂತ್ರವಾಗಿಸಿ ಇರಾಕಿಗೆ ಸಾವಿರಾರು ಡಾಲರ್‌ಗೆ ಒಂದರಂತೆ ಮಾರಿದ. ಬಾಗ್ದಾದಿನ ತಪಾಸಣಾ ಠಾಣೆಗಳಲ್ಲಿ ಸಿಪಾಯಿಗಳು ಅದನ್ನು ಹಿಡಿದು ನಿಂತರು, ಬಾಂಬ್ ತುಂಬಿದ ವಾಹನಗಳು ದಾಟಿ ಹೋದವು. ಮಾಟವೋ ವಿಜ್ಞಾನವೋ, ಬಾಂಬ್ ಸಿಕ್ಕರೆ ಸಾಕು ಎಂದು ಅಲ್ಲಿನ ಹಿರಿಯ ಅಧಿಕಾರಿಯೊಬ್ಬರು ಸಮರ್ಥಿಸಿಕೊಂಡಿದ್ದರು. ನಿಮ್ಮ ವಾದವೂ ಇದೇ ಅಲ್ಲವೇ? 2013ರಲ್ಲಿ ಮೆಕಾರ್ಮಿಕ್‌ಗೆ ಹತ್ತು ವರ್ಷ ಜೈಲಾಯಿತು.

ನಮ್ಮಲ್ಲಿ ಗಾಲ್ಫ್ ಆಡುವವರು ಕಡಿಮೆ, ಕಷ್ಟದಲ್ಲಿರುವವರು ಹೆಚ್ಚು. ಹಾಗಾಗಿ ಇಲ್ಲಿ ಯಂತ್ರ, ತಾಯಿತ, ರುದ್ರಾಕ್ಷಿ. ಹನುಮಾನ್ ಚಾಲೀಸಾ ಯಂತ್ರದಂಥವುಗಳ ಟಿ.ವಿ. ಜಾಹೀರಾತು ಕಾನೂನುಬಾಹಿರವೆಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ 2021ರಲ್ಲೇ ಹೇಳಿದೆ. ಮಾರುವವನನ್ನು ಬೈಯುತ್ತೇವೆ, ಸರಿ. ಅವನಿಗೆ ಅರ್ಧ ಗಂಟೆಯ ಸಮಯ ಮಾರಿ, ಮರುಗಳಿಗೆಯೇ ಮೂಢನಂಬಿಕೆ ಕುರಿತು ಚರ್ಚೆ ನಡೆಸುವ ವಾಹಿನಿಯನ್ನು ಏನೆನ್ನೋಣ?
– ಸಂ.