ಬೆಂಗಳೂರಿನ ಸುತ್ತಮುತ್ತ ಎರಡನೇ ಮಹಾಯುದ್ಧದ ಮಿಲಿಟರಿ ಲಾರಿಗಳು ಈಗಲೂ ಸಿಗುತ್ತವೆಯೇ? ಅಸಲಿ ಅಂತ ಗುರುತಿಸುವುದು ಹೇಗೆ?

ಸಿಗುತ್ತವೆ. ಆದರೆ ಲಾರಿಯ ರೂಪದಲ್ಲೇ ಸಿಗುವುದು ಅಪರೂಪ.

ನಿಮ್ಮ ತಾತ ಯುದ್ಧದ ಕಾಲದಲ್ಲಿ ಮಿಲಿಟರಿ ಡ್ರೈವರ್ ಆಗಿದ್ದರು, ಅವರು ಓಡಿಸಿದಂಥ ಒಂದು ಗಾಡಿ ಹುಡುಕಿ ಮೊದಲಿನ ಹಾಗೆ ಮಾಡಿ ಇಟ್ಟುಕೊಳ್ಳಬೇಕು ಅಂತ ಬರೆದಿದ್ದೀರಿ. ಒಳ್ಳೆಯ ಆಸೆ. ನಾನು ಹದಿನಾರು ವರ್ಷದಿಂದ ಇದರ ಹಿಂದೆ ಓಡಾಡುತ್ತಿದ್ದೇನೆ. ಒಂದು ಜೀಪ್ ಪೂರ್ತಿ ಮುಗಿಸಿದ್ದೇನೆ. ಕೆನಡಾದಲ್ಲಿ ತಯಾರಾದ ಒಂದು ಶೆವರ್ಲೆ ಲಾರಿ ಮಾಗಡಿ ರಸ್ತೆಯ ಶೆಡ್ಡಿನಲ್ಲಿ ಅರ್ಧ ಕೆಲಸ ಆಗಿ ನಿಂತಿದೆ. ಇಷ್ಟು ದಿನದಲ್ಲಿ ಕಲಿತದ್ದು ಇಷ್ಟೇ: ಲಾರಿ ಹುಡುಕಬೇಡಿ, ಚಾಸಿ ಹುಡುಕಿ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟು. ಎಂಬತ್ತು ವರ್ಷದಲ್ಲಿ ಎಂಜಿನ್ ಎರಡು ಮೂರು ಸಲ ಬದಲಾಗಿರುತ್ತದೆ. ಕ್ಯಾಬಿನ್ ಕೊಳೆತು, ಆ ಜಾಗಕ್ಕೆ ಮರದ ಕ್ಯಾಬಿನ್ ಬಂದಿರುತ್ತದೆ. ಬಣ್ಣದ ಮೇಲೆ ಬಣ್ಣ ಕೂತಿರುತ್ತದೆ. ಚಾಸಿ ಮತ್ತು ಎಕ್ಸೆಲ್ ಮಾತ್ರ ಹಳೆಯವೇ ಉಳಿದಿರುತ್ತವೆ. ಅವು ಮುರಿಯಲಿಲ್ಲ, ಹಾಗಾಗಿ ಬದಲಾಯಿಸುವ ಗೋಜಿಗೆ ಯಾರೂ ಹೋಗಲಿಲ್ಲ.

ಈ ಗಾಡಿಗಳು ನಮ್ಮ ಕಡೆ ಬಂದದ್ದು ಹೇಗೆ ಅನ್ನೋದು ಗೊತ್ತಿದ್ದರೆ ಹುಡುಕಾಟ ಸುಲಭ. ಯುದ್ಧದ ಕಾಲದ ಬೆಂಗಳೂರು ದೊಡ್ಡ ಮಿಲಿಟರಿ ಊರು. ದಂಡು ಪ್ರದೇಶ ಮೊದಲಿಂದಲೂ ಇತ್ತು, ಹಲಸೂರಿನಲ್ಲಿ ಸೈನ್ಯದ ಎಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್ ಇದ್ದರು. 1940ರಲ್ಲಿ ಶುರುವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು 1943ರಲ್ಲಿ ಅಮೆರಿಕದ ಸೈನ್ಯವೇ ವಹಿಸಿಕೊಂಡು ಅಲ್ಲಿ ವಿಮಾನಗಳ ರಿಪೇರಿ ಮಾಡಿಸುತ್ತಿತ್ತು. ಹಾಗಾಗಿ ಅಮೆರಿಕದ ಗಾಡಿ, ಕೆನಡಾದ ಗಾಡಿ ಎರಡೂ ಈ ಊರಿನ ರಸ್ತೆಯಲ್ಲಿ ಓಡಾಡಿವೆ. ಯುದ್ಧ ಮುಗಿದ ಮೇಲೆ ಇವನ್ನೆಲ್ಲ ಡಿಸ್ಪೋಸಲ್‌ನಲ್ಲಿ, ಅಂದರೆ ಸೈನ್ಯಕ್ಕೆ ಬೇಡವಾದ ಸಾಮಾನಿನ ವಿಲೇವಾರಿಯಲ್ಲಿ, ಮಾರಿದರು. ಹೊಸ ಲಾರಿ ಸಿಗದ ಕಾಲ ಅದು. ತಗೊಂಡವರು ಶೋಕಿಗೆ ತಗೊಳ್ಳಲಿಲ್ಲ, ದುಡಿಸೋಕೆ ತಗೊಂಡರು. ಎಲ್ಲಿ ಕಷ್ಟದ ಕೆಲಸ ಇತ್ತೋ, ನಾಲ್ಕು ಚಕ್ರಕ್ಕೂ ಎಳೆತ ಬೇಕಿತ್ತೋ ಅಲ್ಲಿಗೆ ಹೋದವು.

ನೀವೂ ಅಲ್ಲಿಗೇ ಹೋಗಬೇಕು. ಸಕಲೇಶಪುರ, ಮೂಡಿಗೆರೆ, ಕೊಡಗಿನ ಕಾಫಿ ತೋಟಗಳ ಹಳೇ ಶೆಡ್ಡುಗಳು. ದಿಮ್ಮಿ ಎಳೆಯುತ್ತಿದ್ದ ಲಾರಿಗಳು ನಿಂತ ಸಾಮಿಲ್‌ಗಳ ಹಿತ್ತಲು. ಇನ್ನೊಂದು, ಬಹಳ ಜನ ಗಮನಿಸುವುದೇ ಇಲ್ಲ: ಹಳೇ ಗ್ಯಾರೇಜುಗಳ ಬ್ರೇಕ್‌ಡೌನ್ ಕ್ರೇನ್. ಕೆಟ್ಟು ನಿಂತ ಬಸ್ಸು ಲಾರಿ ಎಳೆಯೋಕೆ ಹಿಂದೆ ಕಬ್ಬಿಣದ ಕಂಬ, ಕೊಂಡಿ ಹಾಕಿರುತ್ತಾರಲ್ಲ, ಅದರ ಕೆಳಗೆ ಬಗ್ಗಿ ನೋಡಿ. ಯುದ್ಧಕಾಲದ ಡಾಡ್ಜ್ ಅಥವಾ ಜಿಎಂಸಿ ಚಾಸಿ ಸಿಕ್ಕರೆ ಆಶ್ಚರ್ಯಪಡಬೇಡಿ. ಶಿವಾಜಿನಗರದ ಗುಜರಿಯಲ್ಲಿ ಇಡೀ ಗಾಡಿ ಸಿಗುತ್ತದೆ ಅಂತ ಹೋಗಬೇಡಿ, ಅಲ್ಲಿಗೆ ಬಂದದ್ದು ಒಂದು ವಾರವೂ ಉಳಿಯುವುದಿಲ್ಲ. ಆದರೆ ಅಲ್ಲಿನ ಹಿರಿಯರಿಗೆ ಯಾವ ಗಾಡಿ ಯಾವ ಊರಿಂದ ಬಂತು ಅಂತ ನೆನಪಿರುತ್ತದೆ. ಟೀ ಕುಡಿಯುತ್ತಾ ಒಂದು ಗಂಟೆ ಕೂತರೆ ಮೂರು ಊರಿನ ಹೆಸರು ಸಿಗುತ್ತದೆ. ಆರ್ಮಿಯ ಈಗಿನ ಹರಾಜುಗಳಲ್ಲಿ ನಿಮಗೆ ಬೇಕಾದ್ದು ಬರುವುದಿಲ್ಲ, ಅಲ್ಲಿ ಮಾರುತಿ ಜಿಪ್ಸಿಯಂಥ ಇತ್ತೀಚಿನ ಗಾಡಿಗಳೇ ಜಾಸ್ತಿ.

ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಹಸಿರು ಬಣ್ಣ, ದೊಡ್ಡ ಮೂತಿ ಕಂಡ ತಕ್ಷಣ 'ವರ್ಲ್ಡ್ ವಾರ್ ಲಾರಿ' ಅಂತ ಮಾರುವವರು ಹೇಳುತ್ತಾರೆ. ಅದು ಶಕ್ತಿಮಾನ್ ಆಗಿರುತ್ತದೆ. ಶಕ್ತಿಮಾನ್ ಜರ್ಮನಿಯ ಮಾನ್ ಕಂಪನಿಯ ಲೈಸೆನ್ಸಿನಲ್ಲಿ ಜಬಲ್ಪುರದಲ್ಲಿ ತಯಾರಾದದ್ದು, ಸ್ವಾತಂತ್ರ್ಯ ಬಂದು ಹತ್ತು ವರ್ಷದ ಮೇಲಿನ ಮಾತು. ಸೈನ್ಯದ ಜೀಪಿನಂಥ ಗಾಡಿ ಜೋಂಗಾ ಅದಕ್ಕೂ ಈಚಿನದು, ಅದು ಜಪಾನಿನ ನಿಸ್ಸಾನ್ ಕಂಪನಿಯ 'ಪ್ಯಾಟ್ರೋಲ್' ನಮೂನೆ. ಎರಡೂ ಒಳ್ಳೆಯ ಗಾಡಿಗಳೇ, ಆದರೆ ನಿಮ್ಮ ತಾತ ಯುದ್ಧದಲ್ಲಿ ಓಡಿಸಿದ್ದು ಅವಲ್ಲ.

ಹೋಗುವಾಗ ಜೇಬಿನಲ್ಲಿ ಟೇಪು ಇರಲಿ. ಮುಂದಿನ ಚಕ್ರದ ಹಬ್‌ನ ನಡುವಿನಿಂದ ಹಿಂದಿನ ಚಕ್ರದ ಹಬ್‌ನ ನಡುವಿಗೆ ಅಳೆಯಿರಿ. 80 ಇಂಚು ಬಂದರೆ ಜೀಪ್. 98 ಬಂದರೆ ಡಾಡ್ಜ್‌ನ ಮುಕ್ಕಾಲು ಟನ್ ಗಾಡಿ, ಡಬ್ಲ್ಯೂಸಿ 51 ಅಥವಾ ಮುಂದೆ ವಿಂಚ್ (ಹಗ್ಗ ಸುತ್ತಿ ಎಳೆಯುವ ಯಂತ್ರ) ಇರುವ 52. 101 ಬಂದರೆ ಕೆನಡಾದ 15 ಹಂಡ್ರೆಡ್‌ವೇಟ್ (ಸುಮಾರು ಮುಕ್ಕಾಲು ಟನ್) ಲಾರಿ. 134 ಅಥವಾ 158 ಬಂದರೆ ಅದೇ ಕೆನಡಾದ ದೊಡ್ಡಣ್ಣಂದಿರು. ಹಿಂದೆ ಎರಡು ಎಕ್ಸೆಲ್ ಇದ್ದು, ಅವೆರಡರ ನಡುವಿನವರೆಗೆ 145 ಅಥವಾ 164 ಬಂದರೆ ಜಿಎಂಸಿಯ ಎರಡೂವರೆ ಟನ್. ನಮ್ಮ ಕಡೆ ಲಾರಿಯ ಚಾಸಿ ಕತ್ತರಿಸಿ ಉದ್ದ ಮಾಡುವ ಅಭ್ಯಾಸ ಇತ್ತು, ಹಾಗಾಗಿ ಅಳತೆ ಎಲ್ಲಿಯೂ ಹೊಂದದಿದ್ದರೆ ಚಾಸಿಯ ಪಕ್ಕದಲ್ಲಿ ವೆಲ್ಡಿಂಗ್ ಗುರುತು ಹುಡುಕಿ.

ಜೀಪಿನ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದರ ಬಗ್ಗೆ ಗೊತ್ತಿರುವವರು ಬಹಳ ಇದ್ದಾರೆ. ಯುದ್ಧಕಾಲದ ಜೀಪ್ ಅಂದರೆ ವಿಲ್ಲಿಸ್ ಕಂಪನಿಯ ಎಂಬಿ ಮತ್ತು ಫೋರ್ಡ್‌ನ ಜಿಪಿಡಬ್ಲ್ಯೂ, ಎರಡೂ ಲೆಫ್ಟ್ ಹ್ಯಾಂಡ್ (ಸ್ಟಿಯರಿಂಗ್ ಎಡಗಡೆ ಇರುವ) ಗಾಡಿಗಳು. ಮುಂದಿನ ಜಾಲರಿಯಲ್ಲಿ ಒಂಬತ್ತು ಸೀಳು. ಏಳಿದ್ದರೆ ಯುದ್ಧದ ನಂತರದ್ದು. ಆದರೆ ಜಾಲರಿ ತಗಡಿನದು, ಯಾರು ಬೇಕಾದರೂ ಮಾಡಿಸಬಹುದು, ಅದನ್ನೊಂದೇ ನಂಬಬೇಡಿ. ರೇಡಿಯೇಟರ್ ಕೆಳಗೆ ಕೈ ಹಾಕಿ ಚಾಸಿಯ ಮುಂದಿನ ಅಡ್ಡಪಟ್ಟಿ ಮುಟ್ಟಿ ನೋಡಿ. ಗುಂಡಗೆ ಪೈಪಿನ ಹಾಗಿದ್ದರೆ ವಿಲ್ಲಿಸ್. ಬೋರಲು ಹಾಕಿದ ಚಾನೆಲ್ ಹಾಗಿದ್ದರೆ ಫೋರ್ಡ್. ಫೋರ್ಡ್‌ನವರು ಬೋಲ್ಟಿನ ತಲೆಯ ಮೇಲೂ ಒಂದು 'ಎಫ್' ಅಕ್ಷರ ಹಾಕುತ್ತಿದ್ದರು. ಎಂಜಿನ್ ನಂಬರ್ 'ಜೆ', '3ಜೆ', '4ಜೆ' ಅಂತ ಶುರುವಾದರೆ ಎಂಜಿನ್ ಯುದ್ಧದ ನಂತರದ ಸಿವಿಲ್ ಜೀಪಿನದು.

ಈಗ ನನಗೆ ಇಷ್ಟವಾದ ವಿಷಯಕ್ಕೆ ಬರುತ್ತೇನೆ, ಕೆನಡಾದ ಲಾರಿ. ಬ್ರಿಟಿಷ್ ಸಾಮ್ರಾಜ್ಯದ ಸೈನ್ಯಗಳಿಗಾಗಿ ಕೆನಡಾದ ಫೋರ್ಡ್ ಮತ್ತು ಜನರಲ್ ಮೋಟಾರ್ಸ್ (ಶೆವರ್ಲೆ ಇವರದೇ) ಇಬ್ಬರೂ ಒಂದೇ ನಮೂನೆಯಲ್ಲಿ ಸುಮಾರು ನಾಲ್ಕು ಲಕ್ಷ ಗಾಡಿ ಮಾಡಿದರು. ಎಲ್ಲ ರೈಟ್ ಹ್ಯಾಂಡ್. ನಿಮ್ಮ ತಾತ ಇಂಡಿಯನ್ ಆರ್ಮಿಯಲ್ಲಿ ಲಾರಿ ಓಡಿಸಿದ್ದರೆ ಇದನ್ನು ಓಡಿಸಿರುವ ಸಾಧ್ಯತೆ ಬಹಳ ಇದೆ. ಮೂತಿ ಚಪ್ಪಟೆ, ಎಂಜಿನ್ ಅರ್ಧ ಕ್ಯಾಬಿನ್ ಒಳಗೇ ಇರುತ್ತದೆ. 13ನೇ ನಂಬರಿನ ಕ್ಯಾಬಿನ್ ಅಂತ ಕರೆಯುವ ಕೊನೆಯ ನಮೂನೆಯಲ್ಲಿ ಮುಂದಿನ ಗಾಜು ತಲೆಕೆಳಗಾಗಿ ವಾಲಿರುತ್ತದೆ: ಮೇಲ್ಭಾಗ ಮುಂದಕ್ಕೆ, ಕೆಳಭಾಗ ಹಿಂದಕ್ಕೆ. ಬಿಸಿಲು ಗಾಜಿಗೆ ಬಿದ್ದು ಹೊಳೆದರೆ ಮೇಲಿನ ವಿಮಾನಕ್ಕೆ ಕಾಣದೆ ನೆಲಕ್ಕೆ ಬೀಳಲಿ ಅಂತ ಹಾಗೆ ಮಾಡಿದ್ದು. ಒಮ್ಮೆ ನೋಡಿದರೆ ಮರೆಯೋಕಾಗದ ಮುಖ.

ಹೆಸರಿನಲ್ಲೇ ಅರ್ಧ ವಿವರ ಇರುತ್ತದೆ. 'ಸಿ' ಅಂದರೆ ಶೆವರ್ಲೆ, 'ಎಫ್' ಅಂದರೆ ಫೋರ್ಡ್. 15, 30, 60 ಅಂದರೆ ಹೊರುವ ತೂಕ, ಹಂಡ್ರೆಡ್‌ವೇಟ್ ಲೆಕ್ಕದಲ್ಲಿ. 60 ಅಂದರೆ ಮೂರು ಟನ್. 15 ಆದಮೇಲೆ 'ಎ' ಇದ್ದರೆ ನಾಲ್ಕು ಚಕ್ರಕ್ಕೂ ಎಳೆತ. 60 ಆದಮೇಲೆ 'ಎಲ್' ಇದ್ದರೆ ಉದ್ದ ಚಾಸಿ, 'ಎಸ್' ಇದ್ದರೆ ಗಿಡ್ಡ.

ಎಂಜಿನ್ ಬದಲಾಗಿದ್ದರೆ ಇದು ಫೋರ್ಡೋ ಶೆವರ್ಲೆಯೋ ಅಂತ ಹೇಗೆ ಹೇಳೋದು? ಹಳೇ ರೇಡಿಯೇಟರ್ ಉಳಿದಿದೆಯಾ ನೋಡಿ. ಫೋರ್ಡ್‌ನ ವಿ8 ಎಂಜಿನ್ನಿಗೆ ಎರಡು ವಾಟರ್ ಪಂಪ್, ಹಾಗಾಗಿ ರೇಡಿಯೇಟರ್ ಮೇಲ್ಗಡೆ ಎರಡು ಹೋಸ್ ಕೂರುವ ಜಾಗ ಇರುತ್ತದೆ. ಶೆವರ್ಲೆಯ ಸಾಲು ಆರು ಸಿಲಿಂಡರಿಗೆ ಒಂದೇ. ನಮ್ಮಲ್ಲಿ ಪೆಟ್ರೋಲ್ ದುಬಾರಿ ಅಂತ ಲಾರಿಗಳಿಗೆ ಮದ್ರಾಸಿನ ಸಿಂಪ್ಸನ್‌ನ ಪರ್ಕಿನ್ಸ್ ಪಿ6 ಡೀಸೆಲ್, ಜೀಪುಗಳಿಗೆ ಮೆಟಡೋರ್ ಎಂಜಿನ್ ಹಾಕಿರುವುದೇ ಹೆಚ್ಚು. ಆ ಡೀಸೆಲ್ ನೋಡಿ ಗಾಡಿ ಬೇಡ ಅನ್ನಬೇಡಿ. ಅದೇ ಆ ಗಾಡಿಯನ್ನು ಗುಜರಿಯಿಂದ ಉಳಿಸಿದ್ದು.

ನನ್ನ ಲಾರಿ ಸಿಕ್ಕಿದ್ದು ಸಕಲೇಶಪುರದಿಂದ ಆಚೆ ಒಂದು ತೋಟದಲ್ಲಿ. ಗೊಬ್ಬರದ ಶೆಡ್ಡಿನ ಪಕ್ಕ, ಲಂಟಾನ ಪೊದೆಯೊಳಗೆ. ಕ್ಯಾಬಿನ್ ಇರಲಿಲ್ಲ. ತೋಟದ ಹಿರಿಯ ಗೌಡರು, 'ಅದ್ರಲ್ಲೇನಿದೆಯಪ್ಪಾ, ಬರೀ ಕಬ್ಬಿಣ' ಅಂದರು. ಟೇಪು ಹಿಡಿದೆ, 101 ಇಂಚು. ಮುಂದಿನ ಎಕ್ಸೆಲ್‌ನಲ್ಲೂ ಹಿಂದಿನ ಹಾಗೇ ಉಬ್ಬಿದ ಹೌಸಿಂಗ್, ಅಂದರೆ ನಾಲ್ಕು ಚಕ್ರಕ್ಕೂ ಎಳೆತ ಇರುವ ಗಾಡಿ. ಆಮೇಲೆ ಚಾಸಿ ನಂಬರಿಗೆ ಕೂತೆ. ಮೊದಲು ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟೆ. ವೈರ್ ಬ್ರಷ್‌ನಲ್ಲಿ ಉಜ್ಜಿದೆ, ಗ್ರೈಂಡರ್ ಮುಟ್ಟಲಿಲ್ಲ. ಗ್ರೈಂಡರ್ ತಾಗಿದರೆ ತುಕ್ಕಿನ ಜೊತೆ ನಂಬರೂ ಹೋಗುತ್ತದೆ. ಒರೆಸಿ, ಸೀಮೆಸುಣ್ಣದ ಪುಡಿ ತುಂಬಿದೆ. ಮೂರು ಅಂಕಿ ಎದ್ದು ಬಂದವು. ಉಳಿದದ್ದಕ್ಕೆ, ಆರ್‌ಟಿಓ ಕೆಲಸಕ್ಕೆ ತೆಗೆಯುತ್ತಾರಲ್ಲ ಪೆನ್ಸಿಲ್ ಪ್ರಿಂಟ್, ಹಾಗೆ ತೆಳು ಕಾಗದ ಇಟ್ಟು ಪೆನ್ಸಿಲ್ ಓರೆಯಾಗಿ ತಿಕ್ಕಿದೆ. ಕಣ್ಣಿಗೆ ಕಾಣದ ಅಂಕಿಗಳು ಕಾಗದದ ಮೇಲೆ ಬಂದವು. ಗೌಡರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು, ಮತ್ತೆ ಒಳಗೆ ಹೋಗಿ ಹಳೇ ಟ್ರಂಕಿನಿಂದ ಆರ್‌ಸಿ ಪುಸ್ತಕ ತಂದುಕೊಟ್ಟರು. ನಂಬರ್ ಹೊಂದಿತು. ಆ ಮಧ್ಯಾಹ್ನ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಎಂಜಿನ್ ಬೇರೆ ಮೂಲೆಯಲ್ಲಿ ಬಿದ್ದಿತ್ತು. ಜನರಲ್ ಮೋಟಾರ್ಸ್ ಬ್ಲಾಕಿನ ಮೇಲೆ ಎರಕದ ತಾರೀಕು ಇರುತ್ತದೆ. ಅಕ್ಷರ ಅಂದರೆ ತಿಂಗಳು, 'ಎ' ಜನವರಿ, 'ಬಿ' ಫೆಬ್ರವರಿ, ಹೀಗೆ 'ಎಲ್' ತನಕ. ಆಮೇಲೆ ದಿನ, ಕೊನೆಗೆ ವರ್ಷದ ಕೊನೆಯ ಅಂಕಿ. ನನ್ನದರಲ್ಲಿ 'ಎಫ್ 9 3' ಅಂತ ಇತ್ತು. ಗಾಡಿ ಯುದ್ಧಕಾಲದ್ದು ಅಂತ ಗೊತ್ತಾದ ಮೇಲೆ ಓದೋದು ಸುಲಭ: 1943ರ ಜೂನ್ 9.

ಆರ್‌ಸಿಯಲ್ಲಿ ಬರೆದ ವರ್ಷ ನೋಡಿ ಗಾಬರಿ ಬೀಳಬೇಡಿ. ಡಿಸ್ಪೋಸಲ್‌ನಲ್ಲಿ ತಗೊಂಡವರು ತಮ್ಮ ಹೆಸರಿಗೆ ಮಾಡಿಸಿದ ವರ್ಷ ಅದಾಗಿರಬಹುದು. 1943ರ ಗಾಡಿಗೆ 1948 ಅಂತ ಇದ್ದರೆ ಅದು ಮೋಸ ಅಲ್ಲ. ನಂಬರ್ ಪ್ಲೇಟು ಎಂ.ವೈ. ಅಂತ ಶುರುವಾದರೆ ಹಳೇ ಮೈಸೂರಿನ ನೋಂದಣಿ, ಒಳ್ಳೆಯ ಲಕ್ಷಣ.

ಬಣ್ಣವೂ ಮಾತಾಡುತ್ತದೆ. ಮಳೆ ಬಿಸಿಲು ತಾಗದ ಜಾಗ ಆರಿಸಿ, ಸೀಟಿನ ಕೆಳಗೆ ಅಥವಾ ಬಾಗಿಲಿನ ಒಳಮೈ. ನೀರು ಹಾಕಿ ನಯವಾದ ವಾಟರ್ ಪೇಪರಿನಲ್ಲಿ ರೂಪಾಯಿ ಬಿಲ್ಲೆಯಷ್ಟು ಜಾಗ ನಿಧಾನವಾಗಿ ತಿಕ್ಕಿ. ಮರದ ವರ್ಷದ ಬಳೆಗಳ ಹಾಗೆ ಒಂದೊಂದೇ ಬಣ್ಣ ಕಾಣುತ್ತಾ ಹೋಗುತ್ತದೆ. ಬಾನೆಟ್ ಪಕ್ಕದಲ್ಲಿ ಹೀಗೆ ತಾಳ್ಮೆಯಿಂದ ತಿಕ್ಕಿದವರಿಗೆ ಸೈನ್ಯದ ನಂಬರೇ ಸಿಕ್ಕಿದ್ದಿದೆ. ಬ್ರಿಟಿಷ್ ಪದ್ಧತಿಯಲ್ಲಿ ಲಾರಿಗೆ 'ಎಲ್', 15 ಹಂಡ್ರೆಡ್‌ವೇಟ್‌ನಂಥ ಸಣ್ಣ ಟ್ರಕ್ಕಿಗೆ 'ಝಡ್' ನಂಬರಿನ ಮೊದಲಲ್ಲಿ ಇರುತ್ತದೆ. ದಯವಿಟ್ಟು ಇದನ್ನು ನೋಡದೆ ಗಾಡಿಯನ್ನು ಪೇಂಟ್ ಶೆಡ್ಡಿಗೆ ಕಳಿಸಬೇಡಿ. ಒಮ್ಮೆ ಬ್ಲಾಸ್ಟಿಂಗ್ (ಮರಳು ಹೊಡೆದು ಬಣ್ಣ ಕೀಳುವುದು) ಮಾಡಿಸಿದರೆ ಆ ನಂಬರ್ ಪ್ರಪಂಚದಲ್ಲಿ ಇನ್ನೆಲ್ಲೂ ಸಿಗುವುದಿಲ್ಲ.

ಕಾಗದಪತ್ರ ಇಲ್ಲದ ಗಾಡಿಗೆ ಮುಂಗಡ ಕೊಡಬೇಡಿ. ನಾನು ಮೊದಲನೇ ಸಲ ಕೊಟ್ಟೆ. ಊರಾಚೆಯ ಒಬ್ಬ ದಲ್ಲಾಳಿ ತೋರಿಸಿದ ಜೀಪಿನ ಚಾಸಿ ನಂಬರ್ ಬೇರೆ ಗಾಡಿಯದು, ಪಟ್ಟಿ ಕತ್ತರಿಸಿ ತಂದು ವೆಲ್ಡ್ ಮಾಡಿದ್ದರು. ನಲವತ್ತು ಸಾವಿರ ವಾಪಸ್ ಬರಲಿಲ್ಲ. ಅದಕ್ಕೇ ನಂಬರಿನ ಸುತ್ತ ಬೆರಳಾಡಿಸಿ ನೋಡಿ, ದಿಣ್ಣೆ ಸಿಕ್ಕರೆ ಎದ್ದು ಬನ್ನಿ. 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಸ್ವಂತ ಬಳಕೆಯ ಗಾಡಿಗೆ ವಿಂಟೇಜ್ ನೋಂದಣಿ ಸಿಗುತ್ತದೆ, ನಂಬರಿನಲ್ಲಿ 'ವಿಎ' ಅಂತ ಬರುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಕ್ಕೆ. ದಿನಾ ಓಡಿಸುವ ಹಾಗಿಲ್ಲ, ಬಾಡಿಗೆಗೂ ಇಲ್ಲ. ನಿಮ್ಮ ಗಾಡಿ ಆರ್‌ಸಿಯಲ್ಲಿ ಗೂಡ್ಸ್ ಅಂತ ಇದ್ದರೆ, ದುಡ್ಡು ಕೊಡುವ ಮೊದಲೇ ಆರ್‌ಟಿಓ ಕಚೇರಿಯಲ್ಲಿ ಕೇಳಿಕೊಳ್ಳಿ.

ಬಿಡಿಭಾಗಕ್ಕೆ ಜೆ.ಸಿ. ರಸ್ತೆ. ಹೆಸರು ಹೇಳಿ ಕೇಳಿದರೆ ಇಲ್ಲ ಅಂತಾರೆ, ಹಳೇ ಪಾರ್ಟ್ ಕೈಯಲ್ಲಿ ಹಿಡಿದುಕೊಂಡು ಹೋದರೆ ಒಳಗಿಂದ ತೆಗೆಯುತ್ತಾರೆ. ಸಿಗದ್ದನ್ನು ಪೀಣ್ಯದ ಲೇತ್‌ನಲ್ಲಿ ಮಾಡಿಸಬಹುದು.

ಕೊನೆಯದು ಜೀವಕ್ಕೆ ಸಂಬಂಧಿಸಿದ್ದು. ಯುದ್ಧಕಾಲದ ಬಹಳಷ್ಟು ಗಾಡಿಗಳ ರಿಮ್ ಎರಡು ಹೋಳು, ಸುತ್ತ ನಟ್ ಹಾಕಿ ಜೋಡಿಸಿರುತ್ತಾರೆ. ಚಕ್ರ ಬಿಚ್ಚುವ ನಟ್ ಬೇರೆ, ರಿಮ್ ಬಿಚ್ಚುವ ನಟ್ ಬೇರೆ. ಬ್ರಿಟಿಷ್ ಪದ್ಧತಿಯಲ್ಲಿ ರಿಮ್ಮಿನ ನಟ್‌ಗಳಿಗೆ ಕೆಂಪು ಬಣ್ಣ ಬಳಿಯುತ್ತಿದ್ದದ್ದು ಅದಕ್ಕೇ. ಆ ಕೆಂಪು ನಿಮ್ಮ ಗಾಡಿಯಲ್ಲಿ ಯಾವತ್ತೋ ಹೋಗಿರುತ್ತದೆ. ಗಾಳಿ ತುಂಬಿದ ಟೈರಿನಲ್ಲಿ ತಪ್ಪು ನಟ್ ಬಿಚ್ಚಿದರೆ ರಿಮ್ ಸಿಡಿದು ಎದೆಗೆ ಹೊಡೆಯುತ್ತದೆ. ವಾಲ್ವ್ ಪಿನ್ ಕಿತ್ತು ಗಾಳಿ ಪೂರ್ತಿ ತೆಗೆಯದೆ ಸ್ಪ್ಯಾನರ್ ಹಿಡಿಯಬೇಡಿ, ಪಂಕ್ಚರ್ ಅಂಗಡಿಯ ಹುಡುಗನಿಗೂ ನಿಂತು ಹೇಳಿ.

ಏನಾದರೂ ಕಣ್ಣಿಗೆ ಬಿದ್ದರೆ ಇಲ್ಲೇ ಫೋಟೋ ಹಾಕಿ. ಇಡೀ ಗಾಡಿಯದು ಒಂದು ಸಾಕು. ಮುಂದಿನ ಎಕ್ಸೆಲ್, ಹಿಂದಿನ ಹಬ್, ರೇಡಿಯೇಟರ್ ಮೇಲ್ಭಾಗ, ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್, ಇವು ಹತ್ತಿರದಿಂದ ಬೇಕು. ನಂಬರಿನ ಕೊನೆಯ ಮೂರು ಅಂಕಿ ಮುಚ್ಚಿ ಹಾಕಿ. ತಾತನ ಹಳೇ ಫೋಟೋದಲ್ಲಿ ಹಿಂದೆ ಗಾಡಿ ನಿಂತಿದ್ದರೆ ಅದನ್ನೂ ಹಾಕಿ, ಮಡ್‌ಗಾರ್ಡಿನ ಒಂದು ತುದಿ ಕಂಡರೂ ಯಾವ ಗಾಡಿ ಅಂತ ಹೇಳೋಕೆ ಪ್ರಯತ್ನಿಸುತ್ತೇನೆ.