ನಮ್ಮ ಹೀರೋಗೆ ಈ ಸಲ ರಾಷ್ಟ್ರ ಪ್ರಶಸ್ತಿ ಬರುವ ಚಾನ್ಸ್ ಎಷ್ಟು?

ಕಾರವಾರದಿಂದ ಕೇಳಿದ್ದೀರಿ. ನಿಮ್ಮ ಅಭಿಮಾನಿಗಳ ಗ್ರೂಪಿನಲ್ಲಿ ಅರ್ಧ ಜನ ಬಂದೇ ಬರುತ್ತೆ ಅಂತಾರೆ, ಇನ್ನರ್ಧ ಇಲ್ಲ ಅಂತಾರೆ. ಟ್ರೆಂಡ್ ಮಾಡಿದರೆ ಚಾನ್ಸ್ ಜಾಸ್ತಿ ಆಗುತ್ತಾ, ಸಂಭ್ರಮಕ್ಕೆ ಈಗಲೇ ದುಡ್ಡು ಸೇರಿಸಬೇಕಾ ಅಂತ ನಿಮ್ಮ ಪ್ರಶ್ನೆ. ಆ ದುಡ್ಡಿನ ಮಾತು ಓದಿದ ಕೂಡಲೇ ಉತ್ತರ ಬರೆಯಲು ಕೂತೆ. 2019ರಲ್ಲಿ ಕುಮಟಾದಲ್ಲಿ ನಾವು ಮಾಡಿದ್ದೂ ಇದನ್ನೇ.

ಆಗ ನಾವು ಮೆಚ್ಚಿಕೊಂಡಿದ್ದ ನಟನ ಹೆಸರು ಬೇಡ. ಅವರದ್ದೇನೂ ತಪ್ಪಿಲ್ಲ. ಅವರ ಒಂದು ಸಿನಿಮಾ 2018ರ ಶುರುವಿನಲ್ಲಿ ತೆರೆಗೆ ಬಂದಿತ್ತು. ಅಂಥ ಅಭಿನಯ ನಾನು ಆವರೆಗೆ ನೋಡಿರಲಿಲ್ಲ, ಇವತ್ತಿಗೂ ಆ ಮಾತಿಗೆ ಬದ್ಧ. 2018ರ ಪ್ರಶಸ್ತಿಗಳು ಲೋಕಸಭಾ ಚುನಾವಣೆಯಿಂದಾಗಿ ತಡವಾಗಿದ್ದವು. ಇಂದು ಬರುತ್ತೆ, ನಾಳೆ ಬರುತ್ತೆ ಅಂತ ಇಡೀ ಮಳೆಗಾಲ ಕಾದೆವು. ದಿನಾ ಸಂಜೆ ಬಸ್ ಸ್ಟ್ಯಾಂಡ್ ಹತ್ತಿರದ ಚಹಾದಂಗಡಿಯಲ್ಲಿ ಅದೇ ಚರ್ಚೆ. ಹಿಂದಿಯಲ್ಲಿ ಯಾರು ಎದುರಾಳಿ, ಮಲಯಾಳದಲ್ಲಿ ಯಾರು, ಮರಾಠಿಯಲ್ಲಿ ಯಾರು. ಇಂಟರ್‌ನೆಟ್ಟಿನಲ್ಲಿ ಜಾಸ್ತಿ ಓದುತ್ತಿದ್ದವನು ನಾನು. ಹಾಗಾಗಿ ನಾನು ಹೇಳಿದ್ದನ್ನು ಉಳಿದವರು ನಂಬುತ್ತಿದ್ದರು. ತಲಾ ಇನ್ನೂರು ರೂಪಾಯಿ ಎತ್ತೋಣ, ಫ್ಲೆಕ್ಸ್ ಮಾಡಿಸೋಣ, ಬ್ಯಾಂಡಿನವರಿಗೆ ಅಡ್ವಾನ್ಸ್ ಕೊಡೋಣ ಅಂದವನೂ ನಾನೇ.

ನಮ್ಮ ಗ್ರೂಪಿನಲ್ಲಿ ತದಡಿ ಬಂದರಿನ ಹುಡುಗರಿದ್ದರು. ಜೂನ್, ಜುಲೈನಲ್ಲಿ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ ಅಂತ ನಿಮಗೂ ಗೊತ್ತು. ಬೋಟಿಗೆ ಹೋಗುವವರ ಕೈಯಲ್ಲಿ ಆಗ ಕಾಸಿರುವುದಿಲ್ಲ. ಅವರೂ ಕೊಟ್ಟರು.

ಈಗ ನನ್ನ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಜೊತೆ ಒಬ್ಬ ಅಣ್ಣ ಇದ್ದ. ಥಿಯೇಟರಿನಲ್ಲಿ ಆಪರೇಟರ್. ದುಡ್ಡು ಎತ್ತುವ ಮಾತು ಬಂದ ದಿನವೇ ಅವನು ಹೇಳಿದ: ‘ತಮಾ, ಸಿನಿಮಾ ಶುರುವಲ್ಲಿ ಬರುವ ಸರ್ಟಿಫಿಕೇಟಲ್ಲಿ ಡಿಸೆಂಬರ್ ಅಂತ ಇತ್ತಲ. ಅದು ಹಿಂದಿನ ವರ್ಷದ ಲೆಕ್ಕಕ್ಕೆ ಹೋಗ್ತದೆ. ಸರಿ ಕೇಳಿ ನೋಡು, ಆಮೇಲೆ ದುಡ್ಡು ಎತ್ತು.’

ಪ್ರೊಜೆಕ್ಟರ್ ಹಾಕುವವನಿಗೆ ಪ್ರಶಸ್ತಿ ವಿಷಯ ಎಂತ ಗೊತ್ತು ಅಂತ ಎಲ್ಲರೆದುರು ಅಂದುಬಿಟ್ಟೆ. ಅವನು ಚಹಾ ಮುಗಿಸಿ ಎದ್ದು ಹೋದ.

ಅವನು ಹೇಳಿದ್ದು ಅಕ್ಷರಶಃ ಸರಿ ಇತ್ತು. ರಾಷ್ಟ್ರ ಪ್ರಶಸ್ತಿಗೆ ಸಿನಿಮಾ ಥಿಯೇಟರಿಗೆ ಬಂದ ತಾರೀಖು ಲೆಕ್ಕಕ್ಕಿಲ್ಲ. ಆ ವರ್ಷದ ಜನವರಿ 1ರಿಂದ ಡಿಸೆಂಬರ್ 31ರೊಳಗೆ ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕಿರಬೇಕು, ಅಷ್ಟೇ. ನಮ್ಮ ಸಿನಿಮಾಕ್ಕೆ 2017ರ ಡಿಸೆಂಬರಿನಲ್ಲೇ ಸರ್ಟಿಫಿಕೇಟ್ ಆಗಿತ್ತು. ಅಂದರೆ ಅದು 2017ರ ಸಿನಿಮಾ. ಆ ವರ್ಷದ ಪ್ರಶಸ್ತಿಗಳು 2018ರ ಏಪ್ರಿಲ್‌ನಲ್ಲೇ ಘೋಷಣೆಯಾಗಿ ಮುಗಿದಿದ್ದವು. ಇಲ್ಲದ ಸ್ಪರ್ಧೆಗೆ ನಾವು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಎದುರಾಳಿಗಳನ್ನು ಎಣಿಸುತ್ತಿದ್ದೆವು. ಆ ತಾರೀಖು ಪ್ರತಿ ಶೋನಲ್ಲೂ ಪರದೆ ಮೇಲೆ ಬಂದಿತ್ತು. ನಾನು ಆ ಸಿನಿಮಾ ಮತ್ತೆ ಮತ್ತೆ ನೋಡಿದ್ದೆ. ಸರ್ಟಿಫಿಕೇಟ್ ಬರುವ ಹೊತ್ತಿಗೆ ಪ್ರತಿ ಸಲ ಶಿಳ್ಳೆ ಹೊಡೆಯುತ್ತಿದ್ದೆ, ಓದುತ್ತಿರಲಿಲ್ಲ.

2019ರ ಆಗಸ್ಟ್ 9ರಂದು ಹೆಸರುಗಳು ಬಂದವು. ಅತ್ಯುತ್ತಮ ನಟ ಪ್ರಶಸ್ತಿ ಆಯುಷ್ಮಾನ್ ಖುರಾನಾ, ವಿಕ್ಕಿ ಕೌಶಲ್ ಇಬ್ಬರಿಗೂ ಹಂಚಿಕೆಯಾಯಿತು. ಕನ್ನಡಕ್ಕೂ ಅವತ್ತು ಒಳ್ಳೆಯ ದಿನ. ‘ನಾತಿಚರಾಮಿ’ಗೆ ಅತ್ಯುತ್ತಮ ಕನ್ನಡ ಚಿತ್ರ ಸೇರಿ ಹಲವು ಪ್ರಶಸ್ತಿ, ‘ಕೆಜಿಎಫ್’ಗೂ ಬಂತು. ನಮಗೆ ಅದರ ಖುಷಿಯೂ ಇಲ್ಲ. ಇನ್ನೊಂದು ಕಡೆ ಅದೇ ವಾರ ಗಂಗಾವಳಿ ಉಕ್ಕಿ ಅಂಕೋಲಾದ ಊರುಗಳಿಗೆ ನೀರು ನುಗ್ಗಿತ್ತು. ಜನ ಮನೆ ಬಿಟ್ಟು ಎತ್ತರದ ಜಾಗಕ್ಕೆ ಹೋಗಿದ್ದರು. ನಮ್ಮ ದುಡ್ಡು ಫ್ಲೆಕ್ಸ್, ಬ್ಯಾಂಡಿಗೆ ಹೋಗಿಯಾಗಿತ್ತು. ಕೊನೆಗೆ ಆ ಫ್ಲೆಕ್ಸುಗಳನ್ನು ಪರಿಹಾರದ ಅಕ್ಕಿ ಮೂಟೆ ಮೇಲೆ ಹೊದೆಸಲು ಕೊಟ್ಟೆವು. ನಗದು ಕೊಡಲು ಏನೂ ಉಳಿದಿರಲಿಲ್ಲ. ಇನ್ನೂರು ರೂಪಾಯಿಯನ್ನು ಒಬ್ಬೊಬ್ಬರಿಗೂ ನಾನು ಆಮೇಲೆ ಹಿಂದಿರುಗಿಸಿದೆ. ಆಪರೇಟರ್ ಅಣ್ಣ ಮಾತ್ರ ನಮ್ಮ ಚರ್ಚೆಗೆ ಮತ್ತೆ ಬರಲಿಲ್ಲ. ಎದುರು ಸಿಕ್ಕರೆ ಮಾತಾಡುತ್ತಾನೆ, ಸಿನಿಮಾ ಸುದ್ದಿ ತೆಗೆಯುವುದಿಲ್ಲ.

ಹಾಗಾಗಿ ‘ಚಾನ್ಸ್ ಎಷ್ಟು’ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಕೇಳಬೇಕಾದದ್ದು ಎರಡು. ಸೆನ್ಸಾರ್ ತಾರೀಖು ಯಾವುದು? ನಿರ್ಮಾಪಕರು ಸಿನಿಮಾ ಕಳಿಸಿದ್ದಾರಾ? ಎರಡನೆಯದನ್ನು ಜನ ಯೋಚಿಸುವುದೇ ಇಲ್ಲ. ಒಳ್ಳೆಯ ಸಿನಿಮಾವನ್ನು ಸರ್ಕಾರವೇ ಹುಡುಕಿಕೊಂಡು ಬರುವುದಿಲ್ಲ. ಅರ್ಜಿ ಹಾಕಬೇಕು, ಶುಲ್ಕ ಕಟ್ಟಬೇಕು. 2024ರಲ್ಲಿ ರಿಷಬ್ ಶೆಟ್ಟಿಗಾ ಮಮ್ಮುಟ್ಟಿಗಾ ಅಂತ ಎರಡೂ ಕಡೆಯ ಅಭಿಮಾನಿಗಳು ಎಷ್ಟು ಕಿತ್ತಾಡಿದರು ನೆನಪಿದೆ ಅಲ್ವಾ? ಆಗಸ್ಟ್ 16ರಂದು ‘ಕಾಂತಾರ’ಕ್ಕಾಗಿ ರಿಷಬ್ ಹೆಸರು ಬಂತು. ಮಮ್ಮುಟ್ಟಿಯವರ ಸಿನಿಮಾಗಳು ಆ ಸಲ ಸ್ಪರ್ಧೆಗೆ ಬಂದೇ ಇರಲಿಲ್ಲ ಅಂತ ಜ್ಯೂರಿಯಲ್ಲಿದ್ದವರೊಬ್ಬರು ಆಮೇಲೆ ಹೇಳಿದರು. ಅಷ್ಟು ದಿನದ ಬೈಗುಳ ಎಲ್ಲ ದಂಡ.

ಟ್ರೆಂಡ್ ಬಗ್ಗೆ ಕೇಳಿದ್ದೀರಿ. ದಕ್ಷಿಣ ಭಾರತದ ಸಿನಿಮಾಗಳಿಗೆ ಕೊಡುವ ಸೈಮಾದಂಥ ಪ್ರಶಸ್ತಿಗೆ ಜನರ ಓಟು ಇರುತ್ತೆ, ಅಲ್ಲಿ ಹಾಕಿ. ಆಸ್ಕರ್‌ನಲ್ಲಿ ಸಾವಿರಾರು ಸದಸ್ಯರು ಓಟು ಹಾಕುತ್ತಾರೆ. ಅಲ್ಲಿ ನಟರನ್ನು ನಾಮಿನೇಟ್ ಮಾಡುವವರೂ ನಟರೇ. ಅದಕ್ಕಿಂತ ಮುಂಚೆ ನಟರ ಸಂಘದ್ದೇ ಬೇರೆ ಪ್ರಶಸ್ತಿ ಇರುತ್ತೆ. ಅದನ್ನು ನೋಡಿ ಯಾರು ಮುಂದಿದ್ದಾರೆ ಅಂತ ಊಹಿಸಬಹುದು. ಆ ಕ್ರಮ ನೋಡಿ ಕಲಿತ ಲೆಕ್ಕವನ್ನು ನಮ್ಮ ರಾಷ್ಟ್ರ ಪ್ರಶಸ್ತಿಗೆ ಹಾಕಿದರೆ ನಡೆಯುವುದಿಲ್ಲ. ಇಲ್ಲಿ ಮೊದಲು ಪ್ರಾದೇಶಿಕ ಸಮಿತಿಗಳು ಸಿನಿಮಾ ನೋಡಿ ಆರಿಸುತ್ತವೆ, ಆಮೇಲೆ ಕೇಂದ್ರ ಸಮಿತಿ ನಿರ್ಧರಿಸುತ್ತದೆ. ಬಾಗಿಲು ಮುಚ್ಚಿ ಕೂತು ನೋಡುವ ಕೆಲವೇ ಜನ. ನಾಮಿನೇಷನ್ ಪಟ್ಟಿಯೂ ಹೊರಗೆ ಬರುವುದಿಲ್ಲ. ನಿಮ್ಮ ಹ್ಯಾಶ್‌ಟ್ಯಾಗ್ ಆ ಕೋಣೆಯೊಳಗೆ ಹೋಗುವ ದಾರಿ ಇಲ್ಲ.

ಸಂಚಾರಿ ವಿಜಯ್ ಅವರನ್ನೇ ನೋಡಿ. 2015ರ ಮಾರ್ಚ್‌ನಲ್ಲಿ ‘ನಾನು ಅವನಲ್ಲ... ಅವಳು’ ಚಿತ್ರಕ್ಕಾಗಿ ಅವರು ಅತ್ಯುತ್ತಮ ನಟ ಆದರು. ಸಿನಿಮಾ ಥಿಯೇಟರಿಗೆ ಬಂದದ್ದು ಆ ವರ್ಷದ ಸೆಪ್ಟೆಂಬರಿನಲ್ಲಿ. ಪ್ರಶಸ್ತಿ ಬಂದಾಗ ನಾವ್ಯಾರೂ ಅದನ್ನು ನೋಡಿಯೇ ಇರಲಿಲ್ಲ. ಯಾವ ಅಭಿಮಾನಿ ಬಳಗದ ಪಟ್ಟಿಯಲ್ಲಿ ಅವರ ಹೆಸರಿತ್ತು ಹೇಳಿ? 2021ರಲ್ಲಿ ಅಪಘಾತದಲ್ಲಿ ಹೋಗಿಬಿಟ್ಟರು. ಆ ಮನುಷ್ಯನಿಗೆ ಸರಿಯಾದ ಸಮಯಕ್ಕೆ ಪ್ರಶಸ್ತಿ ಕೊಟ್ಟ ಜ್ಯೂರಿಯ ಮೇಲೆ ನನಗೆ ಗೌರವ ಇದೆ. ‘ಎಲ್ಲ ಲಾಬಿ’ ಅಂತ ಗ್ರೂಪಿನಲ್ಲಿ ಯಾರಾದರೂ ಹೇಳಿದರೆ ನಾನು ಈ ಹೆಸರು ಹೇಳುತ್ತೇನೆ.

ಇನ್ನು, ಪ್ರಶಸ್ತಿ ಬರದಿದ್ದರೆ ನಟನ ತೂಕ ಕಡಿಮೆ ಆಗುತ್ತಾ? ನಮ್ಮ ಜಿಲ್ಲೆಯವರು ಹಾಗೆ ಯೋಚಿಸಲೇಬಾರದು. ಶಿರಾಲಿ, ಹೊನ್ನಾವರದ ನಂಟಿರುವ ಅನಂತನಾಗ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರ ಪ್ರಶಸ್ತಿ ಸಿಕ್ಕೇ ಇಲ್ಲ. ಅದಕ್ಕಾಗಿ ಅವರನ್ನು ಯಾರಾದರೂ ಸಣ್ಣ ನಟ ಅಂತಾರಾ? ಯಕ್ಷಗಾನದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ. ಅದಕ್ಕಿಂತ ದಶಕಗಳ ಮುಂಚೆಯೇ ಅವರ ಕೀಚಕ ನೋಡಲು ಜನ ರಾತ್ರಿಯಿಡೀ ಗದ್ದೆಯಲ್ಲಿ ಕೂರುತ್ತಿದ್ದರು.

ಅಭಿಮಾನಿಗಳ ಶ್ರಮಕ್ಕೆ ನಿಜವಾಗಿ ಬಾಗಿಲು ಇರುವುದು ಪದ್ಮ ಪ್ರಶಸ್ತಿಯಲ್ಲಿ. ಅಲ್ಲಿ ಯಾರು ಬೇಕಾದರೂ ಹೆಸರು ಸೂಚಿಸಬಹುದು. 2021ರಲ್ಲಿ ಅನಂತನಾಗ್ ಅವರಿಗಾಗಿ ಕನ್ನಡಿಗರು ದೊಡ್ಡ ಅಭಿಯಾನ ಮಾಡಿದರು, ನಾನೂ ಅರ್ಜಿ ತುಂಬಿದೆ. 2025ರಲ್ಲಿ ಪದ್ಮಭೂಷಣ ಬಂತು. ನಮ್ಮ ಅರ್ಜಿಯಿಂದಲೇ ಬಂತು ಅನ್ನುವುದಿಲ್ಲ. ಆದರೆ ಅದು ಓದುವವರ ಮೇಜಿಗೆ ಹೋಗುವ ಕಾಗದ, ಸುಮ್ನೆ ಕೂಗಾಟ ಅಲ್ಲ.

ನಿಮ್ಮ ನಟನ ವಿಷಯಕ್ಕೆ ಬಂದರೆ, ಇವತ್ತೇ ಸರ್ಟಿಫಿಕೇಟಿನ ತಾರೀಖು ನೋಡಿ. ಸಿನಿಮಾ ಇದೇ ವರ್ಷದ್ದಾದರೆ, ಅರ್ಜಿ ಹಾಕಲು ಕರೆ ಬಂದ ಕೂಡಲೇ ಚಿತ್ರತಂಡಕ್ಕೆ ಮರ್ಯಾದೆಯಿಂದ ಒಂದು ಸಂದೇಶ ಕಳಿಸಿ, ದಯವಿಟ್ಟು ಕಳಿಸಿ ಅಂತ. ಹೊಸ ನಿರ್ಮಾಪಕರು ಬಿಡುಗಡೆಯ ಗಡಿಬಿಡಿಯಲ್ಲಿ ಇದನ್ನು ಮರೆಯಬಹುದು. ಗ್ರೂಪಿನಲ್ಲಿ ‘ಬರಲ್ಲ’ ಅನ್ನುವ ಅರ್ಧ ಜನರನ್ನು ಕೂರಿಸಿ, ಯಾಕೆ ಹಾಗಂತೀರಿ ಅಂತ ಕೇಳಿ. ಅವರಲ್ಲಿ ಯಾರಿಗಾದರೂ ನಿಮಗಿಂತ ಜಾಸ್ತಿ ಗೊತ್ತಿರಬಹುದು. ದುಡ್ಡು ಮಾತ್ರ ಎತ್ತಬೇಡಿ. ಹೆಸರು ಬಂದ ದಿನ ಸಂಜೆ ಎತ್ತಿದರೂ ಪಟಾಕಿ ಸಿಗುತ್ತೆ.