ಬೇರೆ ರಾಜ್ಯದ ಕಾಡುಹರಳು ಬೀಜ ತರಿಸಿದರೆ ಇಳುವರಿ ಬರುತ್ತದಾ?

ಪ್ರಶ್ನೆ: ಕಡೂರು ತಾಲ್ಲೂಕಿನಲ್ಲಿ ನಮ್ಮದು ಮಳೆ ನಂಬಿದ ಜಮೀನು. ಡೀಸೆಲ್ ಗಿಡ ಅಂತ ಹೇಳಿದ್ದಕ್ಕೆ 15 ವರ್ಷದ ಹಿಂದೆ ಅರ್ಧ ಎಕರೆಗೆ ಕಾಡುಹರಳು (ಜಟ್ರೋಫಾ) ಹಾಕಿದೆ. ಗಿಡ ಒಣಗಿಲ್ಲ, ಆದರೆ ಕಾಯಿ ಇಲ್ಲ. ರಾಜಸ್ಥಾನದ ಬೀಜ ತರಿಸಿದರೆ ಸರಿಹೋಗುತ್ತದೆ ಅಂತ ಪರಿಚಯದವರೊಬ್ಬರು ಹೇಳುತ್ತಿದ್ದಾರೆ. ತರಿಸಲಾ?

ಉತ್ತರ: ಬೇಡಿ. ದುಡ್ಡು ಕೊಟ್ಟು ತರಿಸುವುದು ಹೆಚ್ಚುಕಮ್ಮಿ ನಿಮ್ಮ ಹೊಲದಲ್ಲಿರುವ ಗಿಡವನ್ನೇ.

ಕಾಡುಹರಳು ನಮ್ಮ ನಾಡಿನದಲ್ಲ. ಅದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕ. ಪೋರ್ಚುಗೀಸ್ ನಾವಿಕರು ಅದನ್ನು ಆಫ್ರಿಕಾ ಪಕ್ಕದ ಕೇಪ್ ವರ್ಡ್ ದ್ವೀಪಗಳಿಗೆ, ಅಲ್ಲಿಂದ ಆಫ್ರಿಕಾ, ಏಷ್ಯಾಗೆ ಹರಡಿದರು. ಆಗ ಅದರ ಎಣ್ಣೆ ಬೇಕಾಗಿದ್ದದ್ದು ದೀಪಕ್ಕೆ, ಸಾಬೂನಿಗೆ. ಹಡಗಿನಲ್ಲಿ ಬಂದದ್ದು ತವರಿನ ಅಷ್ಟೂ ಬಗೆಯಲ್ಲ, ಕೆಲವೇ ಗಿಡಗಳ ಬೀಜ.

ನಿಮ್ಮ ಜಿಲ್ಲೆಯವರಿಗೆ ಇದನ್ನು ಹೇಳುವುದು ಸುಲಭ. ಬಾಬಾ ಬುಡನ್ ಯೆಮನ್‌ನಿಂದ 7 ಕಾಫಿ ಬೀಜ ತಂದರು ಅಂತ ನಾವೆಲ್ಲ ಕೇಳುತ್ತಾ ಬೆಳೆದವರು. ಇಥಿಯೋಪಿಯಾದ ಕಾಡಿನ ಅರೇಬಿಕಾದಲ್ಲಿರುವಷ್ಟು ಬಗೆ ಆ 7 ಬೀಜದಲ್ಲಿ ಹೇಗೆ ಬರಬೇಕು ಹೇಳಿ? ಕಾಡುಹರಳಿನದ್ದೂ ಅದೇ ಕತೆ. ಡಿಎನ್‌ಎ ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಭಾರತದ, ಆಫ್ರಿಕಾದ ಗಿಡಗಳು ಒಡಹುಟ್ಟಿದವರ ಹಾಗೆ ಕಾಣುತ್ತವೆ. ಮೆಕ್ಸಿಕೋದ ಚಿಯಾಪಾಸ್ ಕಡೆ ಹೋದರೆ ಮಾತ್ರ ನಿಜವಾದ ವ್ಯತ್ಯಾಸ ಸಿಗುತ್ತದೆ. ಮೆಕ್ಸಿಕೋದ ಕೆಲವು ಊರುಗಳಲ್ಲಿ ವಿಷವಿಲ್ಲದ ಬಗೆಯೂ ಇದೆ, ಬೀಜ ಹುರಿದು ತಿನ್ನುತ್ತಾರೆ! ನಮ್ಮಲ್ಲಿರುವುದು ವಿಷದ್ದೇ. ಮಕ್ಕಳು ಅದರ ಹಾಲಿನಲ್ಲಿ ಗುಳ್ಳೆ ಊದಿ ಆಡುತ್ತಾರೆ. ಬೀಜ ಬಾಯಿಗೆ ಹಾಕದಂತೆ ದಯವಿಟ್ಟು ನೋಡಿಕೊಳ್ಳಿ, ವಾಂತಿ ಭೇದಿ ಹಿಡಿಯುತ್ತದೆ.

ಇನ್ನೊಂದು ವಿಷಯ. ನಮ್ಮ ಕಡೆ ಇದನ್ನು ಬೇಲಿಗೆ ಕಡ್ಡಿ ಕಡಿದು ನೆಡುತ್ತಾ ಬಂದಿದ್ದೇವೆ. ಕಡ್ಡಿಯಿಂದ ಬಂದದ್ದು ತಾಯಿಗಿಡದ ಪಡಿಯಚ್ಚು. ಎಷ್ಟೋ ಕಡೆ ಇಡೀ ಬೇಲಿಯೇ ಒಂದು ಗಿಡ ಅಂದರೂ ತಪ್ಪಿಲ್ಲ.

ಹಾಗಾದರೆ ಒಂದು ಹೊಲದಲ್ಲಿ ಕಾಯಿ ಜಾಸ್ತಿ, ಇನ್ನೊಂದರಲ್ಲಿ ಕಮ್ಮಿ ಯಾಕೆ? ಬಹುಪಾಲು ಮಣ್ಣು, ನೀರು, ಸವರುವಿಕೆಯಿಂದ. ಒಂದು ಗೊಂಚಲಿನಲ್ಲಿ ಗಂಡು ಹೂವೇ ಹೆಚ್ಚು, ಕಾಯಿ ಕಟ್ಟುವ ಹೆಣ್ಣು ಹೂವು ಬೆರಳೆಣಿಕೆಯಷ್ಟು. ನೀರು, ಗೊಬ್ಬರ ಇಲ್ಲದ ಬರಡು ನೆಲದಲ್ಲಿ ಗಿಡ ಬದುಕುತ್ತದೆ ನಿಜ. ಬದುಕುವುದು ಬೇರೆ, ಫಸಲು ಕೊಡುವುದು ಬೇರೆ. 2003ರ ಸುಮಾರಿಗೆ ಜಟ್ರೋಫಾ ಬಗ್ಗೆ ದೇಶದಲ್ಲಿ ಅಷ್ಟು ಉತ್ಸಾಹ ಎದ್ದಾಗ ಈ ಮಾತನ್ನು ರೈತರಿಗೆ ಬಿಡಿಸಿ ಹೇಳಬೇಕಿತ್ತು. ಹೇಳದೆ ಹೋದದ್ದು ನನಗೆ ಇವತ್ತಿಗೂ ನೋವು. ತವರಿನ ತಳಿಗಳ ಜೊತೆ ಅಡ್ಡಹಾಯಿಸಿ ಹೊಸ ತಳಿ ಮಾಡುವುದು ವಿಜ್ಞಾನಿಗಳ ಕೆಲಸ. ಅದು ಬೀಜದ ಪೊಟ್ಟಣದಲ್ಲಿ ಬರುವಂಥದ್ದಲ್ಲ.

ಎಣ್ಣೆಬೀಜವೇ ಬೇಕು ಅಂದರೆ ಹೊಂಗೆ ನೋಡಿ. ಅದು ಇಲ್ಲಿಯದೇ ಮರ. ಜೇನ್ನೊಣ ಒಂದು ಮರದ ಪರಾಗವನ್ನು ಇನ್ನೊಂದಕ್ಕೆ ಒಯ್ಯುವುದರಿಂದ ಮರ ಮರಕ್ಕೂ ವ್ಯತ್ಯಾಸ. ಕಾಯಿಯ ಗಾತ್ರ, ಎಣ್ಣೆ, ಫಸಲು ಎಲ್ಲ ಬೇರೆ ಬೇರೆ. ನಿಮ್ಮ ಊರಿನ ಕೆರೆ ಏರಿ, ರಸ್ತೆ ಬದಿಯ ಹೊಂಗೆಗಳನ್ನು 2–3 ವರ್ಷ ಗಮನಿಸಿ. ವರ್ಷವೂ ತಪ್ಪದೆ ಕಾಯಿ ಬಿಡುವ ಮರ ಗುರುತು ಹಾಕಿಕೊಳ್ಳಿ. ಅದರ ಬೀಜ ಹಾಕಿದರೆ ಮಕ್ಕಳು ತಾಯಿಯಂತೆ ಬರುವ ಖಾತ್ರಿ ಇಲ್ಲ, ಅದಕ್ಕೇ ಕಸಿ ಕಟ್ಟಿಸಬೇಕು. ಕಸಿ ಗಿಡ ಬೇಗ ಕಾಯಿಗೂ ಬರುತ್ತದೆ. ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾಲಯದ ಜೈವಿಕ ಇಂಧನ ಪಾರ್ಕ್ ಇದೆ. ಒಮ್ಮೆ ಹೋಗಿ ವಿಚಾರಿಸಿ ಬನ್ನಿ.

ಇರುವ ಕಾಡುಹರಳನ್ನು ಕಿತ್ತುಹಾಕಬೇಡಿ. ದನ, ಮೇಕೆ ಅದಕ್ಕೆ ಬಾಯಿ ಹಾಕುವುದಿಲ್ಲ. ಕಡ್ಡಿ ಕಡಿದು ಸುತ್ತ ನೆಟ್ಟರೆ ಹೊಂಗೆ ಸಸಿಗೆ ಒಳ್ಳೆ ಬೇಲಿ.